ಎಡಗಾಲಿನ ಬೂಟು ಮತ್ತು ಮೇಲಿನ ಲೀಗು

ನಾನು ಒಂದು ಫುಟ್‌ಬಾಲ್ ಬೂಟು. ಎಡಗಾಲಿನದು. ಬಲಗಾಲಿನದೂ ಒಂದಿದೆ, ಒಂದೇ ಡಬ್ಬಿಯಲ್ಲಿ ನನ್ನ ಹಿಮ್ಮಡಿಗೆ ಮೂಗು ತಾಗಿಸಿ ಮಲಗಿ ಬಂದದ್ದು. ಅದರ ಬಗ್ಗೆ ಹೇಳುವಂಥ ವಿಶೇಷವೇನಿಲ್ಲ. ಮನುಷ್ಯ ಒಂಟಿಕಾಲಿನಲ್ಲಿ ಬಹಳ ಹೊತ್ತು ನಿಲ್ಲಲಾರ ಎಂಬ ಒಂದೇ ಕಾರಣಕ್ಕೆ ಅದನ್ನು ತಯಾರಿಸಿದ್ದಾರೆ.

ಉತ್ತರದ ಯಾವುದೋ ಊರಿನ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಬಿಸಿ ಅಚ್ಚಿನಿಂದ ನನ್ನನ್ನು ಹೊರಗೆ ಎಳೆದ ಕ್ಷಣ ಇಡೀ ಕಾರ್ಖಾನೆಯ ಯಂತ್ರಗಳು ಗೌರವದಿಂದ ನಿಂತುಹೋದವು. ಕರೆಂಟು ಹೋಗಿತ್ತು ಎಂದು ಬಲಗಾಲಿನದು ಹೇಳುತ್ತದೆ. ಹೊಟ್ಟೆಕಿಚ್ಚು, ಬಿಡಿ. ನನ್ನ ಬಣ್ಣ ಕಿತ್ತಳೆ. ಎಂಥ ಕಿತ್ತಳೆ ಎಂದರೆ ಹೊಲಿಗೆ ಹಾಕಿದ ಹೆಂಗಸು ನನ್ನನ್ನು ಕೆಳಗಿಟ್ಟ ಮೇಲೆ ಎರಡು ದಿನ ಬೇರೆ ಬಣ್ಣವೇ ಕಾಣದೆ ಒದ್ದಾಡಿದಳಂತೆ. ಅಡಿಯಲ್ಲಿ ನೆಲ ಕಚ್ಚುವ ಹಲ್ಲುಗಳು. ಹುಲಿಗೆ ಇಂಥ ಹಲ್ಲು ಇದ್ದಿದ್ದರೆ ಅದು ಕಾಡು ಬಿಟ್ಟು ಸರ್ಕಸ್ಸಿಗೆ ಯಾಕೆ ಹೋಗುತ್ತಿತ್ತು?

ಲಾರಿ ಹತ್ತಿ ಮಂಗಳೂರಿಗೆ ಬಂದೆ. ಹಂಪನಕಟ್ಟೆಯ ಒಂದು ಅಂಗಡಿಯ ಗಾಜಿನ ಹಿಂದೆ ನನ್ನನ್ನು ನಿಲ್ಲಿಸಿದರು. ನನ್ನನ್ನು ನೋಡಲು ಸಿಟಿ ಬಸ್ಸುಗಳೆಲ್ಲ ನಿಲ್ಲುತ್ತಿದ್ದವು. ಅಲ್ಲೇ ಬಸ್ ಸ್ಟಾಪೂ ಇತ್ತು, ಅದು ಬೇರೆ ಮಾತು.

ನನ್ನ ಮೊದಲ ಯಜಮಾನ ರೋಹಿಲ್, ಒಬ್ಬ ಡಾಕ್ಟರರ ಮಗ. ಅವನು ಆಡುತ್ತಿದ್ದದ್ದು ಸೀಗಲ್ ಅಕಾಡೆಮಿಗೆ. ಕರಾವಳಿ ಕಿರಿಯರ ಲೀಗ್ ಎಂದು ಒಂದಿದೆ, ಹದಿನೈದು ವರ್ಷದ ಒಳಗಿನ ಮಕ್ಕಳದ್ದು. ಅದರಲ್ಲಿ ಮೂರು ಅಂತಸ್ತು. ಎಲ್ಲಕ್ಕಿಂತ ಮೇಲಿನದು ಪ್ರೀಮಿಯರ್. ಸೀಗಲ್ ಅಲ್ಲಿಯದು. ಅಂದರೆ ನಾನು ಹುಟ್ಟುತ್ತಲೇ ಮಾಳಿಗೆ ಮನೆಯವನು.

ಪ್ರೀಮಿಯರ್ ಮೈದಾನ ಎಂದರೆ ಏನೆಂದುಕೊಂಡಿದ್ದೀರಿ? ಅಲ್ಲಿಯ ಹುಲ್ಲು ಎಷ್ಟು ಮೆತ್ತಗೆ ಎಂದರೆ ಬಿದ್ದ ಆಟಗಾರರಿಗೆ ಏಳಲು ಮನಸ್ಸಾಗುತ್ತಿರಲಿಲ್ಲ. ಬಲೆಗೆ ತೂತಿರಲಿಲ್ಲ. ನೀರಿನ ಬಾಟಲಿ ಹಿಡಿದುಕೊಂಡು ಓಡುವುದಕ್ಕೇ ಒಬ್ಬ ಮನುಷ್ಯನಿದ್ದ. ಮತ್ತು ಗೆರೆಯ ಆಚೆ, ಛತ್ರಿಯ ಕೆಳಗೆ, ಕೆಲವು ಪ್ಲಾಸ್ಟಿಕ್ ಕುರ್ಚಿಗಳು. ಅವೇ ಮುಖ್ಯ. ಅವುಗಳಲ್ಲಿ ರಾಜ್ಯ ತಂಡಕ್ಕೆ ಮಕ್ಕಳನ್ನು ಆರಿಸುವವರು ಕೂರುತ್ತಿದ್ದರು. ಕೆಳಗಿನ ಎರಡು ಅಂತಸ್ತಿನ ಮೈದಾನಗಳಲ್ಲಿ ಕುರ್ಚಿಯೇ ಇಲ್ಲ, ಆರಿಸುವವರು ಎಲ್ಲಿಂದ ಬರಬೇಕು?

ಆದರೆ ನನ್ನ ಹಣೆಬರಹ ನೋಡಿ. ರೋಹಿಲ್ ಬಲಗಾಲಿನ ಹುಡುಗ. ಪಾಸು ಬಲದಲ್ಲಿ, ಗೋಲು ಬಲದಲ್ಲಿ, ಸಿಟ್ಟು ಬಂದರೆ ಬಾಟಲಿ ಒದೆಯುವುದೂ ಬಲದಲ್ಲೇ. ನಾನು ಅವನ ಎಡಗಡೆ ಛತ್ರದ ಕಂಬದಂತೆ ನಿಂತಿದ್ದೆ. ಸಿಂಹವನ್ನು ತಂದು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟ ಹಾಗೆ. ಬಲಗಾಲಿನದು ಆಟ ಮುಗಿದ ಮೇಲೆ ಬ್ಯಾಗಿನೊಳಗೆ ನನಗೆ ಇಡೀ ಆಟದ ವರದಿ ಒಪ್ಪಿಸುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು.

ಒಂದೇ ಸೀಸನ್ನಿನಲ್ಲಿ ರೋಹಿಲ್‌ನ ಪಾದ ಬೆಳೆದುಬಿಟ್ಟಿತು. ಆಗ ನನಗೆ ಗೋಣಿಯ ಪದ್ಧತಿ ಗೊತ್ತಾಯಿತು.

ಸೀಗಲ್‌ನವರಿಗೂ ದಕ್ಕೆಯ ಹತ್ತಿರದ ಬಂದರ್ ಬಾಯ್ಸ್ ಎಂಬ ಸಣ್ಣ ತಂಡಕ್ಕೂ ಹಳೆಯ ಒಪ್ಪಂದವೊಂದಿತ್ತು. ಬರೆದಿಟ್ಟದ್ದಲ್ಲ, ನಡೆದುಬಂದದ್ದು. ಪ್ರತಿ ಸೀಸನ್ ಮುಗಿದ ಮೇಲೆ ಸೀಗಲ್‌ನ ಹುಡುಗರಿಗೆ ಬಿಗಿಯಾದ ಬೂಟುಗಳೆಲ್ಲ ಒಂದು ಗೋಣಿಯಲ್ಲಿ ತುಂಬಿ ಬಂದರಿಗೆ ಹೋಗುತ್ತವೆ. ಬದಲಿಗೆ, ಸೀಗಲ್‌ಗೆ ಯಾವಾಗ ಬೇಕೋ ಆಗ ಬಂದರಿನ ಒಳ್ಳೆಯ ಹುಡುಗನೊಬ್ಬ ಮೇಲೆ ಹೋಗಬೇಕು. ಬೂಟು ಕೆಳಗೆ, ಹುಡುಗ ಮೇಲೆ. ಗೋಣಿ ತೆಗೆದುಕೊಂಡವರು ಹುಡುಗನನ್ನು ಕೊಡುವುದಿಲ್ಲ ಎನ್ನುವ ಹಾಗಿಲ್ಲ.

ಹೀಗೆ ನಾನು ಗೋಣಿಯೊಳಗೆ, ಬೇರೆಯವರ ಬೆವರಿನ ವಾಸನೆಯ ನಡುವೆ, ರಾಜಕುಮಾರನೊಬ್ಬ ಸಂತೆಗೆ ಹೊರಟಂತೆ ಹೊರಟೆ.

ದಕ್ಕೆ ಎಂದರೆ ದೋಣಿಗಳು ಬಂದು ಮೀನು ಇಳಿಸುವ ಜಾಗ. ಅದರ ಹಿಂದಿನ ಮಣ್ಣಿನ ಮೈದಾನದಲ್ಲಿ ಗೋಣಿ ಬಿಚ್ಚಿದರು. ಹುಡುಗರೆಲ್ಲ ಮುಗಿಬಿದ್ದರು. ಅವರ ಕೋಚ್ ಬೆನ್ನಿ ಮಾಸ್ಟ್ರು, ಹಿಂದೊಮ್ಮೆ ಪೋಸ್ಟ್‌ಮ್ಯಾನ್ ಆಗಿದ್ದವರು, ಸೀಟಿ ಊದಿದರು.

"ಮೀನು ಕಂಡ ಕಾಗೆಗಳ ಹಾಗೆ ಮಾಡ್ಬೇಡಿ! ಒಬ್ಬೊಬ್ಬರೇ ಬನ್ನಿ."

ಒಬ್ಬ ಸಪೂರ ಹುಡುಗ ಮೊದಲು ಕೈ ಹಾಕಿದವನು ನನ್ನನ್ನೇ ಹಿಡಿದ. ಬಲಗಾಲಿನದನ್ನು ಹುಡುಕಲೂ ಇಲ್ಲ. ನನ್ನನ್ನು ಹಾಕಿಕೊಂಡು, ಇನ್ನೊಂದು ಕಾಲು ಬರಿದಾಗಿಯೇ ಇಟ್ಟುಕೊಂಡು, ಹತ್ತಿರವಿದ್ದ ಚೆಂಡನ್ನು ಒದ್ದ.

ನಾನು ನಿಮಗೆ ಏನು ಹೇಳಲಿ! ಆ ಚೆಂಡು ಮೈದಾನ ದಾಟಿ, ದಕ್ಕೆ ದಾಟಿ, ಅಳಿವೆಯ ಆಚೆ ಹೋಗಿ, ಲಕ್ಷದ್ವೀಪದಲ್ಲಿ ಬಿತ್ತು. ಅಲ್ಲಿಯವರು ಹೊಸ ತಳಿಯ ತೆಂಗಿನಕಾಯಿ ಎಂದು ಒಡೆಯಲು ನೋಡಿದರಂತೆ. ಐಸ್ ಪ್ಲಾಂಟಿನ ಗೋಡೆಗೆ ಬಡಿದು ಹಿಂದೆ ಬಂತು ಎಂದು ಬಲಗಾಲಿನದು ಹೇಳುತ್ತದೆ. ಅದು ಆಗ ಗೋಣಿಯ ತಳದಲ್ಲಿತ್ತು, ಅದಕ್ಕೇನು ಗೊತ್ತು?

ಹುಡುಗನ ಹೆಸರು ನಿಶಾನ್ ಕರ್ಕೇರ. ವಯಸ್ಸು ಹದಿನಾಲ್ಕು. ಎಡಗಾಲಿನ ಆಟಗಾರ! ನನಗೆ ಅಳುವೇ ಬಂತು. ಬೂಟಿಗೆ ಕಣ್ಣೀರಿಲ್ಲ, ಆದ್ದರಿಂದ ಸ್ವಲ್ಪ ಬೆವರಿದೆ.

"ಎಂತ ಬಣ್ಣ ಮಾರಾಯ ಇದು? ಕತ್ತಲೆಯಲ್ಲಿ ನೀನು ಕಾಣುವುದಿಲ್ಲ, ನಿನ್ನ ಕಾಲು ಮಾತ್ರ ನಡ್ಕೊಂಡು ಬರುವ ಹಾಗೆ ಕಾಣ್ತದೆ," ಎಂದ ಅವನ ಗೆಳೆಯ, ಗೋಲ್‌ಕೀಪರ್ ಮುಬೀನ್. ಮುಬೀನನ ಬಾಯಿ ಅವನ ಕೈಗಿಂತ ದೊಡ್ಡದು. ಗೋಲ್‌ಕೀಪರನಿಗೆ ಅದು ಒಳ್ಳೆಯ ಲಕ್ಷಣವಲ್ಲ.

ನಿಶಾನನ ತಾಯಿ ಸುಗಂಧಿಯಕ್ಕ ದಕ್ಕೆಯಲ್ಲಿ ಮೀನು ವಿಂಗಡಿಸುವ ಕೆಲಸದವಳು. ಒಂದು ಸಂಜೆ ಮಗನೂ ಮುಬೀನನೂ ಜಗಲಿಯಲ್ಲಿ ಕೂತು ನನ್ನ ಹಲ್ಲಿನ ಕೆಸರು ಕೆರೆಯುತ್ತಿದ್ದಾಗ ಅವಳು ಒಳಗಿನಿಂದ ಕೇಳಿದಳು.

"ಯಾವಾಗ ನೋಡಿದ್ರೂ ಮೇಲೆ ಹೋಗ್ಬೇಕು, ಮೇಲೆ ಹೋಗ್ಬೇಕು ಅಂತೀರಲ್ಲ. ನೀವು ಇರುವುದು ಫಸ್ಟ್ ಡಿವಿಷನ್ ಅಲ್ವಾ? ಫಸ್ಟಿನ ಮೇಲೆ ಇನ್ನೆಂತ ಉಂಟು?"

"ಹೆಸರು ಮಾತ್ರ ಫಸ್ಟ್, ಸುಗಂಧಿಯಕ್ಕ," ಎಂದ ಮುಬೀನ್. "ಜಾಗ ಎರಡನೇದು. ಮೇಲೆ ಪ್ರೀಮಿಯರ್. ನಮ್ಮ ಕೆಳಗೆ ಸೆಕೆಂಡ್ ಡಿವಿಷನ್, ಅದು ಮೂರನೇದು."

"ಎಣಿಸ್ಲಿಕ್ಕೆ ಬಾರದವರು ಮಾಡಿದ್ದಾ ಇದನ್ನು?"

"ನೀವು ದಕ್ಕೆಯಲ್ಲಿ ಮಾಡುವುದಿಲ್ವಾ? ಒಳ್ಳೆ ಅಂಜಲ್ ಮೀನು ಐಸಿಗೆ ಹಾಕಿ ಫಾರಿನ್ನಿಗೆ. ಬಂಗುಡೆ ಇಲ್ಲಿಯ ಮಾರ್ಕೆಟಿಗೆ. ಚೂರುಪಾರೆಲ್ಲ ಪುಡಿ ಮಾಡುವ ಫ್ಯಾಕ್ಟರಿಗೆ. ಹಾಗೇ ಇದು. ಪ್ರೀಮಿಯರಿನವರು ಅಂಜಲ್, ನಾವು ಬಂಗುಡೆ."

"ನನ್ನ ಮಗ ಬಂಗುಡೆಯಾ?"

"ಫ್ರೆಶ್ ಬಂಗುಡೆ."

ಸುಗಂಧಿಯಕ್ಕ ನಕ್ಕಳು. "ಬಂಗುಡೆ ಯಾವತ್ತಾದ್ರೂ ಅಂಜಲ್ ಆದದ್ದುಂಟಾ ಮಾರಾಯ?"

"ಫುಟ್‌ಬಾಲಿನಲ್ಲಿ ಆಗ್ತದೆ ಅಮ್ಮ," ಎಂದ ನಿಶಾನ್. ಅವನದು ಮಾತು ಕಡಿಮೆ, ಆದರೆ ಇದಕ್ಕೆ ಮಾತ್ರ ಬಾಯಿ ಬಿಟ್ಟ. "ಪ್ರತಿ ವರ್ಷ ಮೊದಲಿನ ಎರಡು ತಂಡ ಮೇಲೆ ಹೋಗ್ತದೆ. ಕೊನೆಯ ಎರಡು ಕೆಳಗೆ ಬೀಳ್ತದೆ. ಇಲ್ಲದಿದ್ರೆ ಮೇಲಿನವರು ಒಬ್ಬನನ್ನು ಕರ್ಕೊಳ್ಬಹುದು."

"ಹಾಗಾದ್ರೆ ಮೀನೇ ಪುಣ್ಯವಂತ. ಅದು ಒಂದು ಸಲ ಬುಟ್ಟಿಗೆ ಬಿದ್ರೆ ಮುಗೀತು. ನೀವು ವರ್ಷ ವರ್ಷ ಬೀಳ್ಬೇಕು."

ನಿಶಾನನಿಗೆ ವರ್ಷ ವರ್ಷ ಎಂಬುದು ಇರಲಿಲ್ಲ. ಅದೇ ಅವನ ಕಷ್ಟ. ಅವನು ಹುಟ್ಟಿದ್ದು ಡಿಸೆಂಬರ್ ಕೊನೆಯ ವಾರದಲ್ಲಿ, ಲೀಗಿನವರು ವಯಸ್ಸು ನೋಡುವುದು ಹೊಸ ವರ್ಷದ ದಿನಕ್ಕೆ. ಅವನ ತಾಯಿ ಒಂದು ವಾರ ತಡೆದುಕೊಂಡಿದ್ದರೆ ಮಗನಿಗೆ ಇನ್ನೊಂದು ಸೀಸನ್ ಸಿಗುತ್ತಿತ್ತು. ಈಗ ಇದೇ ಕೊನೆ. ಇದಾದ ಮೇಲೆ ನಮ್ಮ ಕಡೆ ದೊಡ್ಡ ಮಕ್ಕಳಿಗೆ ಲೀಗೇ ಇಲ್ಲ. ರಾಜ್ಯ ತಂಡಕ್ಕೆ ಹೋದವನು ಹೋದ, ಉಳಿದವನು ಐಸ್ ಪ್ಲಾಂಟಿನ ಕೆಲಸಕ್ಕೆ. ಪ್ರೀಮಿಯರ್ ಮೈದಾನದಲ್ಲಿ, ಆ ಪ್ಲಾಸ್ಟಿಕ್ ಕುರ್ಚಿಗಳ ಮುಂದೆ, ಒಂದಾದರೂ ಪೂರ್ತಿ ಆಟ ಆಡಬೇಕು: ಇಷ್ಟೇ ಅವನ ಆಸೆ. ಮಲಗುವಾಗ ನನ್ನನ್ನು ಮಂಚದ ಕೆಳಗಿಟ್ಟು, ಬಗ್ಗಿ ನೋಡಿ, "ಒಂದು ಆಟ ಸಾಕು" ಎನ್ನುತ್ತಿದ್ದ. ಬಲಗಾಲಿನದು ಪಕ್ಕದಲ್ಲೇ ಇದ್ದರೂ ಅವನು ಹೇಳಿದ್ದು ನನಗೇ.

ಆ ಸೀಸನ್ನಿನಲ್ಲಿ ನಾನು ಮಾಡಿದ್ದನ್ನು ಪೂರ್ತಿ ಹೇಳಿದರೆ ನೀವು ಬೇರೆ ಆಟಗಾರರನ್ನು ನೋಡುವುದೇ ಬಿಡುತ್ತೀರಿ. ಎಡಬದಿಯ ಗೆರೆ ಹಿಡಿದು ನಾವು ಹೊರಟರೆ ಎದುರಿನ ಹುಡುಗರು ಬಾಲ್ಯದ ನೆನಪುಗಳನ್ನೆಲ್ಲ ಕಳೆದುಕೊಳ್ಳುತ್ತಿದ್ದರು. ಉಡುಪಿ ಕಡೆಯ ಒಂದು ತಂಡದ ಗೋಲ್‌ಕೀಪರ್ ನನ್ನ ಒಂದು ಹೊಡೆತ ನೋಡಿ ಅಂದಿನಿಂದ ಕೇರಂ ಆಡುತ್ತಾನೆ. ಒಮ್ಮೆ ಕಾರ್ನರ್‌ನಿಂದ ಒದ್ದ ಚೆಂಡು ಗಾಳಿಯಲ್ಲಿ ಎಷ್ಟು ಬಾಗಿತೆಂದರೆ, ಹೊರಟ ಜಾಗಕ್ಕೇ ಬಂದು ನನ್ನನ್ನು ಕೇಳಿ ಆಮೇಲೆ ಗೋಲಿನೊಳಗೆ ಹೋಯಿತು. ಬಂದರ್ ಬಾಯ್ಸ್ ಪಟ್ಟಿಯ ನಡುವಿನಲ್ಲಿ ನಿಂತಿತು. ನಾನಿಲ್ಲದಿದ್ದರೆ ತಳದಲ್ಲಿರುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ಮುಂದೆ ನೀವೇ ನೋಡುತ್ತೀರಿ.

ಜನವರಿಯಲ್ಲಿ ಸೀಗಲ್‌ನ ಕೋಚ್ ಬಂಗೇರ ಸರ್ ದಕ್ಕೆಯ ಮೈದಾನಕ್ಕೆ ಬಂದರು. ಬಿಳಿ ಶೂ ಹಾಕಿಕೊಂಡು, ಮೀನಿನ ನೀರು ತುಳಿಯದ ಹಾಗೆ ಕುಪ್ಪಳಿಸುತ್ತ ಬಂದರು. ಅವರ ಎಡಬದಿಯ ಹುಡುಗನ ಪಾದ ಉಳುಕಿತ್ತು.

"ಬೆನ್ನಿ, ನಿಮ್ಮ ಆ ಕರ್ಕೇರನನ್ನು ಕೊಡಿ. ಉಳಿದ ಆಟ ಎಲ್ಲ ಅವನೇ ಆಡ್ತಾನೆ. ಸೀಸನ್ ಮುಗಿಯುವವರೆಗೆ."

ಬೆನ್ನಿ ಮಾಸ್ಟ್ರು ತಲೆ ಕೆರೆದುಕೊಂಡರು. "ಕಟ್ಟು ಉಂಟಲ್ಲ ಸರ್."

ಕಟ್ಟು ಎಂದರೆ ಲೀಗಿನ ಒಂದು ನಿಯಮ. ಕೆಳಗಿನ ಅಂತಸ್ತಿನ ಹುಡುಗ ಮೇಲಿನ ತಂಡದೊಂದಿಗೆ ಕೂತರೆ ತೊಂದರೆಯಿಲ್ಲ. ಆದರೆ ಆಟ ನಡೆಯುವಾಗ ಅವನ ಕಾಲು ಒಮ್ಮೆ ಗೆರೆ ದಾಟಿ ಒಳಗೆ ಬಿತ್ತೋ, ಆ ಸೀಸನ್ ಪೂರ್ತಿ ಅವನು ಮೇಲಿನವನೇ. ಮತ್ತೆ ಕೆಳಗೆ ಬಂದು ಆಡುವ ಹಾಗಿಲ್ಲ. ಆಡಿಸಿದರೆ ಆ ತಂಡದ ಅಂಕವೆಲ್ಲ ಸೊನ್ನೆ. ದೊಡ್ಡ ತಂಡದವರು ತಮ್ಮ ಒಳ್ಳೆಯ ಹುಡುಗರನ್ನು ಕೆಳಗಿಳಿಸಿ ಸುಲಭವಾಗಿ ಗೆಲ್ಲಬಾರದು ಎಂದು ಮಾಡಿದ ನಿಯಮವಂತೆ. ಸಣ್ಣವರನ್ನು ಕಾಪಾಡಲು.

"ಕಟ್ಟು ಬಿದ್ರೆ ಎಂತ ಆಯ್ತು? ಅವನು ಇನ್ನು ಕೆಳಗೆ ಯಾಕೆ ಬರ್ತಾನೆ?" ಎಂದರು ಬಂಗೇರ ಸರ್. ಆಮೇಲೆ, ಮೆಲ್ಲಗೆ, "ಗೋಣಿ ಸರಿಯಾಗಿ ಬಂತಲ್ಲ ಈ ಸಲ?"

ಗೋಣಿಯ ಮಾತು ಬಂದ ಮೇಲೆ ಮುಗಿಯಿತು. ಮಾಸ್ಟ್ರು ನಿಶಾನನನ್ನು ಕರೆದರು. "ಹೋಗ್ತೀಯಾ?"

ನನ್ನೊಳಗೆ ಅವನ ಬೆರಳುಗಳೆಲ್ಲ ಒಟ್ಟಿಗೆ ಮುದುರಿಕೊಂಡವು. ಅಷ್ಟು ಸಂತೋಷ ನನ್ನೊಳಗೆ ಅದಕ್ಕಿಂತ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲ.

ಆ ಭಾನುವಾರ ಬಂದರ್ ಬಾಯ್ಸ್‌ನ ಹುಡುಗರೆಲ್ಲ ಮೀನಿನ ಟೆಂಪೋ ಒಂದನ್ನು ತೊಳೆದು, ಅದರಲ್ಲೇ ನಿಂತುಕೊಂಡು, ಡ್ರಮ್ಮು ಬಾರಿಸುತ್ತ ಪ್ರೀಮಿಯರ್ ಮೈದಾನಕ್ಕೆ ಬಂದರು. ತೊಳೆದದ್ದು ಸಾಲದು ಎಂದು ಪಕ್ಕದಲ್ಲಿ ಕೂತವರ ಮೂಗು ಹೇಳುತ್ತಿತ್ತು. ಸುಗಂಧಿಯಕ್ಕ ಕೆಲಸಕ್ಕೆ ರಜೆ ಹಾಕಿ, ಹಬ್ಬದ ಸೀರೆ ಉಟ್ಟು ಬಂದಿದ್ದಳು. ನಾನು ನನ್ನ ಹುಟ್ಟೂರಿಗೆ ಮರಳಿದ ಅರಸನಂತೆ ಹುಲ್ಲಿನ ಅಂಚಿನಲ್ಲಿ, ಬೆಂಚಿನ ಕೆಳಗೆ, ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ.

ಆದರೆ ಬಂಗೇರ ಸರ್ ನಿಶಾನನನ್ನು ಮೊದಲೇ ಇಳಿಸಲಿಲ್ಲ. ಬೇರೊಬ್ಬನನ್ನು ಎಡಬದಿಗೆ ಹಾಕಿ ನೋಡಿದರು. ಸೀಗಲ್ ಒಂದು ಗೋಲು ಹೊಡೆಯಿತು, ಇನ್ನೊಂದು, ಮತ್ತೂ ಒಂದು. ವಿರಾಮ ಕಳೆಯಿತು. ಮತ್ತೆ ಗೋಲು. ಎದುರಿನ ತಂಡ ಸೋತು ಸುಣ್ಣವಾಗಿತ್ತು. ಕುರ್ಚಿಯಲ್ಲಿದ್ದ ಆಯ್ಕೆಗಾರರು ಇನ್ನು ನೋಡುವುದೇನಿದೆ ಎಂದು ಎದ್ದು, ಛತ್ರಿ ಮಡಚಿಸಿ, ಕಾರು ಹತ್ತಿದರು. ಆಟ ಇನ್ನೂ ನಡೆಯುತ್ತಿತ್ತು.

ಗ್ಯಾಲರಿಯಲ್ಲಿ ಟೆಂಪೋದವರು ಕೂಗಲು ಶುರು ಮಾಡಿದರು. "ನಿಶಾನ್! ನಿಶಾನ್! ಇಳಿಸಿ ಸರ್, ಇಳಿಸಿ!" ಎಲ್ಲರಿಗಿಂತ ಜೋರು ಮುಬೀನನದು. "ಸರ್, ಬೂಟು ನೋಡ್ಲಿಕ್ಕಾದ್ರೂ ಇಳಿಸಿ! ಬಣ್ಣ ಹಾಳಾಗ್ತದೆ!"

ಬಂಗೇರ ಸರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಬೆನ್ನಿ ಮಾಸ್ಟ್ರು ತಾವೇ ಬೇಲಿಯ ಹತ್ತಿರ ಬಂದರು. ನಾನು ಬೆಂಚಿನ ಕೆಳಗಿನಿಂದ ಅವರ ಹರಿದ ಚಪ್ಪಲಿ ನೋಡಿದೆ.

"ಸರ್, ಒಂದು ನಿಮಿಷ ಆದ್ರೂ ಇಳಿಸಿ. ಮಕ್ಕಳು ಟೆಂಪೋ ಮಾಡ್ಕೊಂಡು ಬಂದಿದ್ದಾರೆ. ತಾಯಿ ಬಂದಿದ್ದಾರೆ."

"ನಿಮ್ಮವರ ಗಲಾಟೆ ನಿಲ್ತದಾ ಹಾಗಾದ್ರೆ?" ಎಂದರು ಬಂಗೇರ ಸರ್. ಕೈಯಾಡಿಸಿ ನಿಶಾನನನ್ನು ಎಬ್ಬಿಸಿದರು.

ನಾವು ಗೆರೆ ದಾಟಿದೆವು. ಮೊದಲು ದಾಟಿದ್ದು ನಾನು. ಗ್ಯಾಲರಿ ಒಡೆದುಹೋಗುವಷ್ಟು ಕೂಗು. ನಿಶಾನ್ ಎಡಬದಿಯ ಗೆರೆಯ ಹತ್ತಿರ ಓಡಿ ನಿಂತು, ಕೈಯೆತ್ತಿ ಚೆಂಡು ಕೇಳಿದ. ಮತ್ತೊಮ್ಮೆ ಕೇಳಿದ.

ಇಷ್ಟು ಹೊತ್ತು ನಾನು ನಿಮಗೆ ಬೇಕಾದಷ್ಟು ಹೇಳಿದ್ದೇನೆ, ಇಲ್ಲೂ ಹೇಳಬಹುದು. ನಾನು ಆ ಒಂದು ನಿಮಿಷದಲ್ಲಿ ಹತ್ತು ಜನರನ್ನು ದಾಟಿ ಚೆಂಡನ್ನು ಬಲೆ ಹರಿಯುವ ಹಾಗೆ ಹೊಡೆದೆ ಎಂದು ಹೇಳಿದರೆ ಯಾರು ಬಂದು ಅಳೆಯುತ್ತಾರೆ? ಆದರೆ ನನ್ನ ಬಾಯಿಂದ ಬರುವುದಿಲ್ಲ. ಚೆಂಡು ಆ ನಿಮಿಷವೆಲ್ಲ ಮೈದಾನದ ಬಲಬದಿಯಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ರೆಫರಿ ಸೀಟಿ ಊದಿದ. ಆಟ ಮುಗಿಯಿತು.

ಟೆಂಪೋದವರಿಗೆ ಇದೇನೂ ಲೆಕ್ಕವಿಲ್ಲ. ಅವರು ನಿಶಾನನನ್ನು ಹೆಗಲ ಮೇಲೆ ಹೊತ್ತು ಕುಣಿದರು. ದಕ್ಕೆಯಲ್ಲಿ ಮಾಲೆ ಪಟಾಕಿ ಹೊಡೆದರು. ಮೊದಲು ಮೇಲೆ ಹೋದವರೆಲ್ಲ ಬೆಂಚಿನಲ್ಲೇ ಕೂತು ಬಂದವರು, ಬಂದರಿನಿಂದ ಪ್ರೀಮಿಯರ್ ಗೆರೆ ದಾಟಿದ ಮೊದಲನೆಯ ಹುಡುಗ ಇವನೇ! ಮುಬೀನ್ ನನ್ನನ್ನು ಕೈಯಲ್ಲಿ ಎತ್ತಿ ಹಿಡಿದು ಮನೆ ಮನೆಗೆ ತೋರಿಸಿದ. ಸುಗಂಧಿಯಕ್ಕ ಎಲ್ಲರಿಗೂ ಕೋಳಿಸುಕ್ಕ, ನೀರುದೋಸೆ ಬಡಿಸುತ್ತ, "ನನ್ನ ಬಂಗುಡೆ ಅಂಜಲ್ ಆಯ್ತು ನೋಡಿ" ಎಂದಳು. ನಾನು ಮೂಲೆಯಲ್ಲಿ ಕೂತು ಎಲ್ಲರ ನಮಸ್ಕಾರ ಸ್ವೀಕರಿಸಿದೆ. ನಿಶಾನನೂ ನಕ್ಕ. ಮುಂದಿನ ಆಟ ಪೂರ್ತಿ ತನ್ನದೇ ಅಲ್ಲವೇ.

ಮುಂದಿನ ಆಟಕ್ಕೆ ಸೀಗಲ್‌ನ ಆ ಎಡಬದಿಯ ಹುಡುಗ ಬಂದುಬಿಟ್ಟ. ಪಾದ ಸರಿಯಾಗಿತ್ತು. ಹೊಸ ನೀಲಿ ಬೂಟು ಹಾಕಿಕೊಂಡಿದ್ದ. ಅವನ ಎಡಬೂಟು ನನ್ನನ್ನು ನೋಡಿ ಯಾರಿದು ಮುದುಕ ಎಂಬಂತೆ ಮುಖ ತಿರುಗಿಸಿತು.

ನಿಶಾನ್ ಬೆಂಚಿನ ಮೇಲೆ ಕೂತ. ಅದರ ಮುಂದಿನ ಆಟಕ್ಕೂ ಕೂತ. ಅದರ ಮುಂದಿನದಕ್ಕೆ ಬೆಂಚಿನಲ್ಲೂ ಜಾಗವಿಲ್ಲದೆ ನೀರಿನ ಬಾಟಲಿಗಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತ. ಪ್ರತಿ ಸಲವೂ ಮನೆಯಿಂದಲೇ ನನ್ನ ದಾರ ಬಿಗಿದು ಕಟ್ಟಿಕೊಂಡು ಬರುತ್ತಿದ್ದ. ಸಂಜೆ ಒಂದು ಚೂರೂ ಮಣ್ಣಾಗದ ನನ್ನನ್ನು ಬಿಚ್ಚಿ ಒರೆಸುತ್ತಿದ್ದ. ಸುಗಂಧಿಯಕ್ಕ ಮೊದಮೊದಲು "ಎಷ್ಟು ಗೋಲು?" ಎಂದು ಕೇಳುತ್ತಿದ್ದಳು. ಆಮೇಲೆ "ಊಟ ಮಾಡ್ತೀಯಾ?" ಎಂದು ಮಾತ್ರ.

ಬೆನ್ನಿ ಮಾಸ್ಟ್ರು ಹೋಗಿ ಕೇಳಿದರು.

"ಎಲ್ಲ ಆಟ ಅವನೇ ಆಡ್ತಾನೆ ಅಂತ ಹೇಳಿದ್ರಿ ಸರ್."

"ನನ್ನ ಹುಡುಗ ಇಷ್ಟು ಬೇಗ ಸರಿಯಾಗ್ತಾನೆ ಅಂತ ನನಗೆ ಗೊತ್ತಿತ್ತಾ ಬೆನ್ನಿ? ನಾನು ಅವನನ್ನು ಕೂರಿಸಿಯೇ ಇಟ್ಟಿದ್ದೆ. ಕೂತಿದ್ರೆ ಕಟ್ಟು ಬೀಳ್ತಿರಲಿಲ್ಲ. ವಾಪಸ್ ಬರ್ತಿದ್ದ. ಬೇಲಿ ಹಿಡ್ಕೊಂಡು ಇಳಿಸಿ ಇಳಿಸಿ ಅಂದದ್ದು ಯಾರು?"

ಬಂಗೇರ ಸರ್ ಹೇಳಿದ್ದು ನಿಜವೇ ಆಗಿತ್ತು. ಅದೇ ಅದರ ಕೆಟ್ಟತನ.

ಇತ್ತ ಬಂದರ್ ಬಾಯ್ಸ್ ನಿಶಾನನಿಲ್ಲದೆ ಸೋಲುತ್ತ ಹೋಯಿತು. ನಡುವಿನಿಂದ ಕೆಳಗೆ, ಇನ್ನೂ ಕೆಳಗೆ. ಕೊನೆಯ ಆಟ ಬಂದಾಗ ಅವರು ಡ್ರಾ ಮಾಡಿದರೆ ಉಳಿಯುತ್ತಾರೆ, ಸೋತರೆ ತಳದ ಸೆಕೆಂಡ್ ಡಿವಿಷನ್ನಿಗೆ ಬೀಳುತ್ತಾರೆ ಎಂಬಲ್ಲಿಗೆ ತಲುಪಿತ್ತು. ಆ ದಿನ ಸೀಗಲ್‌ಗೆ ಆಟವಿರಲಿಲ್ಲ. ನಿಶಾನ್ ದಕ್ಕೆಯ ಮೈದಾನಕ್ಕೆ ಬಂದ. ನೋಡಲು ಬರುವವನು ಬೂಟು ಯಾಕೆ ಹಾಕಬೇಕು? ಹಾಕಿಕೊಂಡೇ ಬಂದ. ದಾರವನ್ನು ಎರಡು ಗಂಟು ಕಟ್ಟಿದ್ದ.

ವಿರಾಮದವರೆಗೆ ಗೋಲಿಲ್ಲ. ಮುಬೀನ್ ಆ ದಿನ ಬಾಯಿ ಮುಚ್ಚಿ ಕೈಯಲ್ಲೇ ಆಡುತ್ತಿದ್ದ. ಆಮೇಲೆ ಬಂದರಿನ ಎಡಬದಿಯ ಹುಡುಗ, ನಿಶಾನನ ಜಾಗದಲ್ಲಿ ಆಡುತ್ತಿದ್ದವನು, ಕಾಲು ಹಿಡಿದುಕೊಂಡು ಕುಸಿದ. ಬೆಂಚಿನಲ್ಲಿ ಯಾರೂ ಇರಲಿಲ್ಲ. ಉಳಿದವರು ಹತ್ತೇ ಜನ.

ನಿಶಾನ್ ಗೆರೆಯ ಹತ್ತಿರ ಬಂದು ನಿಂತ. ನನ್ನ ಮೂಗು ಬಿಳಿ ಸುಣ್ಣಕ್ಕೆ ತಾಗುತ್ತಿತ್ತು.

"ಮಾಸ್ಟ್ರೇ."

"ಬೇಡ."

"ಯಾರಿಗೂ ಗೊತ್ತಾಗುವುದಿಲ್ಲ ಮಾಸ್ಟ್ರೇ. ಅವನ ಜರ್ಸಿ ಹಾಕ್ತೇನೆ."

"ಮಗಾ, ನಿನ್ನನ್ನು ನೋಡದವರು ಯಾರಿದ್ದಾರೆ ಇಲ್ಲಿ? ನೀನು ಒಂದು ಹೆಜ್ಜೆ ಇಟ್ರೆ ಈ ಮಕ್ಕಳು ವರ್ಷ ಇಡೀ ಆಡಿದ್ದೆಲ್ಲ ಹೋಗ್ತದೆ."

"ನಾನೂ ಆಡಿದ್ದಲ್ವಾ ಅದನ್ನು?"

ಬೆನ್ನಿ ಮಾಸ್ಟ್ರು ಮುಖ ಆ ಕಡೆ ತಿರುಗಿಸಿಕೊಂಡರು. ಗೋಲಿನಿಂದ ಮುಬೀನ್ ಕೂಗಿದ, "ಬಾರಾ! ಬಾ ಒಳಗೆ! ಹೋದ್ರೆ ಹೋಗ್ಲಿ ಎಲ್ಲ!" ಅವನ ದನಿ ಅಳುವಿನಂತಿತ್ತು.

ನಾನು ಸೆಳೆದೆ. ನನ್ನ ಶಕ್ತಿಯನ್ನೆಲ್ಲ ಹಾಕಿ ಒಳಗೆ ಸೆಳೆದೆ. ಲಕ್ಷದ್ವೀಪಕ್ಕೆ ಚೆಂಡು ಹಾಕಿದವನಿಗೆ ಒಂದು ಗೆರೆ ದಾಟುವುದು ದೊಡ್ಡದೇ? ಆದರೆ ಕಾಲು ಅಲ್ಲಾಡಲಿಲ್ಲ. ನನ್ನೊಳಗೆ ಅದು ಮಾತ್ರ ನಡುಗುತ್ತಿತ್ತು, ಹಿಡಿದ ಮೀನು ನಡುಗುವ ಹಾಗೆ. ಚೆಂಡು ಒಮ್ಮೆ ಗೆರೆ ದಾಟಿ ನಮ್ಮತ್ತಲೇ ಉರುಳಿ ಬಂತು. ಅದು ನನಗೆ ತಾಗಿ ನಿಂತಿತು. ಅವನು ಅದನ್ನು ಒದೆಯಲೂ ಇಲ್ಲ. ಎದುರಿನ ತಂಡದ ಹುಡುಗ ಬಂದು ಎತ್ತಿಕೊಂಡು ಥ್ರೋ ಮಾಡಿದ. ಅದೇ ಚೆಂಡು ಎರಡು ಪಾಸಿನಲ್ಲಿ ನಮ್ಮ ಗೋಲಿನೊಳಗಿತ್ತು.

ಬಂದರ್ ಬಾಯ್ಸ್ ತಳಕ್ಕೆ ಬಿತ್ತು.

ತಳದ ಅಂತಸ್ತು ಹೇಗಿರುತ್ತದೆ ಎಂದು ನನಗೆ ಗೊತ್ತಾದದ್ದು ಮರುವರ್ಷ. ನಿಶಾನನಿಗೆ ವಯಸ್ಸು ಮೀರಿತ್ತು. ಅವನು ನಮ್ಮಿಬ್ಬರನ್ನು ತಾನೇ ತಂಡದ ಗೋಣಿಗೆ ಹಾಕಿದ. ಒಬ್ಬ ಚಿಕ್ಕ ಹುಡುಗ, ಚೇತು, ನನ್ನ ತುದಿಯಲ್ಲಿ ಬಟ್ಟೆ ತುರುಕಿ ಹಾಕಿಕೊಂಡ. ಸೆಕೆಂಡ್ ಡಿವಿಷನ್ನಿನ ಆಟಗಳು ಎಲ್ಲೋ ದೂರದ ಊರಿನ ಶಾಲೆಯ ಅಂಗಳದಲ್ಲಿ. ನಡುವಿನಲ್ಲಿ ಧ್ವಜದ ಕಟ್ಟೆ, ಅದನ್ನು ಸುತ್ತಿ ಆಡಬೇಕು. ಕೆಲವೊಮ್ಮೆ ರೆಫರಿ ಬರುವುದಿಲ್ಲ, ಕೆಲವೊಮ್ಮೆ ಎದುರಾಳಿಗಳೇ ಬರುವುದಿಲ್ಲ. ಬಾರದ ತಂಡದ ಮೇಲೆ ಗೆದ್ದಾಗ ಮಕ್ಕಳಿಗೆ ಕುಣಿಯಬೇಕೋ ಬೇಡವೋ ತಿಳಿಯುತ್ತಿರಲಿಲ್ಲ. ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಗೋಣಿಯೂ ಬರುವುದು ನಿಂತಿತು. ತಳದ ತಂಡದಿಂದ ಸೀಗಲ್‌ಗೆ ಯಾವ ಹುಡುಗ ಬೇಕು? ಬೆನ್ನಿ ಮಾಸ್ಟ್ರು ಸೀಟಿಯನ್ನು ಮೊಳೆಗೆ ನೇತುಹಾಕಿದವರು ಮತ್ತೆ ತೆಗೆಯಲಿಲ್ಲ. ಬಂದರ್ ಬಾಯ್ಸ್ ಎಂಬ ತಂಡ ಈಗಿಲ್ಲ.

ನಾವು ಬಲೆ ಇಡುವ ಶೆಡ್ಡಿನಲ್ಲಿ ಬಹಳ ಕಾಲ ಬಿದ್ದಿದ್ದೆವು. ಹೆಗ್ಗಣವೊಂದು ನನ್ನ ನಾಲಿಗೆ ತಿಂದಿತು. ಅಂಥ ರುಚಿ ತಾನು ಜನ್ಮದಲ್ಲಿ ಕಂಡಿಲ್ಲ ಎಂದು ಅದು ತನ್ನ ಬಳಗವನ್ನೆಲ್ಲ ಕರೆತಂದಿತು. ನನ್ನ ಕಿತ್ತಳೆ ಬಣ್ಣ ಬಿಳಿಚಿಕೊಂಡು ಬೇಯಿಸಿದ ಸಿಗಡಿಯಂತಾಯಿತು. ಒಂದು ದಿನ ಸಣ್ಣ ಮಕ್ಕಳು ಶೆಡ್ಡಿನೊಳಗೆ ನುಗ್ಗಿ ನಮ್ಮಿಬ್ಬರನ್ನು ಎತ್ತಿಕೊಂಡು ಕಡಲ ಕರೆಗೆ ಓಡಿದರು. ಹಾಕಿಕೊಳ್ಳಲಿಕ್ಕಲ್ಲ. ಅವರಿಗೆ ಗೋಲ್‌ಪೋಸ್ಟ್ ಇರಲಿಲ್ಲ.

ಈಗ ನಾನು ಮರಳಿನಲ್ಲಿ ಎಡಗಂಬ. ಬಲಗಾಲಿನದು ಅಷ್ಟು ದೂರದಲ್ಲಿ ಬಲಗಂಬ. ನಾವಿಬ್ಬರೂ ಒಂದೇ ಕೆಲಸ ಮಾಡುತ್ತಿರುವುದು ಜೀವಮಾನದಲ್ಲಿ ಇದೇ ಮೊದಲು. ಇಲ್ಲಿ ಮೇಲಿನದು ಕೆಳಗಿನದು ಎಂಬುದಿಲ್ಲ, ವಯಸ್ಸು ಯಾರೂ ಕೇಳುವುದಿಲ್ಲ. ನಾನು ಮಕ್ಕಳಿಗೆ ನನ್ನ ಪ್ರೀಮಿಯರ್ ದಿನಗಳ ಕಥೆ ಹೇಳುತ್ತೇನೆ. ಅಲೆಯ ಸದ್ದಿನಲ್ಲಿ ಅವರಿಗೆ ಕೇಳುವುದಿಲ್ಲ.

ಮೊನ್ನೆ ಐಸ್ ಪ್ಲಾಂಟಿನ ಟೆಂಪೋ ಕರೆಯ ಹತ್ತಿರ ನಿಂತಿತು. ಇಳಿದವನನ್ನು ನಾನು ನಡಿಗೆಯಲ್ಲೇ ಗುರುತಿಸಿದೆ. ನಿಶಾನ್. ಗಡ್ಡ ಬಂದಿದೆ, ಭುಜ ಅಗಲವಾಗಿದೆ. ಅದೇ ಹೊತ್ತಿಗೆ ಮಕ್ಕಳ ಚೆಂಡು ನನ್ನ ಪಕ್ಕದಿಂದ ಹಾರಿ, ಉರುಳಿಕೊಂಡು ಹೋಗಿ, ಸರಿಯಾಗಿ ಅವನ ಎಡಗಾಲಿನ ಮುಂದೆ ನಿಂತಿತು. ಯಾರೋ ಇಟ್ಟುಕೊಟ್ಟ ಹಾಗೆ.

"ಅಣ್ಣಾ, ಒದಿಯಣ್ಣಾ!" ಎಂದು ಮಕ್ಕಳು ಕೂಗಿದರು.

ಅವನು ಚೆಂಡನ್ನು ನೋಡಿದ. ಆಮೇಲೆ ಬಗ್ಗಿ, ಎರಡೂ ಕೈಯಲ್ಲಿ ಎತ್ತಿಕೊಂಡು, ನಡೆದುಬಂದು, ಹತ್ತಿರದ ಹುಡುಗಿಯ ಕೈಗೆ ಕೊಟ್ಟ. ಮೀನಿನ ಬುಟ್ಟಿ ಕೊಡುವ ಹಾಗೆ, ಜೋಪಾನವಾಗಿ. ಕೈಯ ಮರಳನ್ನು ಚಡ್ಡಿಗೆ ಒರೆಸಿಕೊಂಡು ಟೆಂಪೋ ಹತ್ತಿದ. ನನ್ನ ಕಡೆ ನೋಡಲಿಲ್ಲ.

ಮಕ್ಕಳು ಮತ್ತೆ ಆಡತೊಡಗಿದರು. ನನ್ನ ಪಕ್ಕದಿಂದ ಒಂದು ಗೋಲು ಹೋಯಿತು. ಚೆಂದದ ಗೋಲು, ಎಡಗಾಲಿನದು.

ಅದು ನನ್ನದು ಎಂದು ನಾನು ಯಾರಿಗೂ ಹೇಳಲಿಲ್ಲ.